ಪಡಸಾಲೆಯ ದೂರವಾಣಿ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಗಳನ್ನು ದಾಟಿದ ತರುವಾಯ ಎದುರಾಗುವ ನಾಗಸಂದ್ರವನ್ನು ಇಂದಿನ ಜನ ೨೦೧೫ರಲ್ಲಿ ಅಲ್ಲಿಗೆ ಬಂದ ಮೆಟ್ರೋ ರೈಲಿನಿಂದಲೂ, ೨೦೨೨ರಲ್ಲಿ ನಿಲ್ದಾಣದ ಮಗ್ಗುಲಲ್ಲೇ ಬಾಗಿಲು ತೆರೆದ ಐಕಿಯಾ ಎಂಬ ಸ್ವೀಡನ್ ಮೂಲದ ಪೀಠೋಪಕರಣದ ಮಹಾಮಳಿಗೆಯಿಂದಲೂ ಗುರುತಿಸುತ್ತಾರೆ. ಆದರೆ ಆ ಮಳಿಗೆಯವರು ಅಂದವಾದ ಮೇಜು ಕುರ್ಚಿಗಳನ್ನು ಜೋಡಿಸಿ ಮನೆಯ ಕಚೇರಿಯೆಂಬುದನ್ನು ಹೊಸ ಸಂಗತಿಯೆಂಬಂತೆ ಪ್ರದರ್ಶಿಸುವುದಕ್ಕೆ ಬಹುಕಾಲ ಮೊದಲೇ, ಕೆಳಗೆ ಲೇತು, ಮೇಲೆ ಸಂಸಾರ, ನಡುವಣ ಪಡಸಾಲೆಯಲ್ಲಿ ಒಂದು ಮರದ ಮೇಜು, ಮೇಜಿನ ಮೇಲೆ ಚಲನ್ ಪುಸ್ತಕ, ಹೀಗೆ ಮನೆಯನ್ನೂ ಕಚೇರಿಯನ್ನೂ ಒಂದೇ ಸೂರಿನಡಿ ನಡೆಸಿಕೊಂಡು ಬಂದ ಜನ ಈ ಹೆದ್ದಾರಿಯ ಆಸುಪಾಸಿನಲ್ಲಿ ಇದ್ದರು. ೧೯೭೦ರ ದಶಕದಲ್ಲಿ ಪೀಣ್ಯವು ಕೈಗಾರಿಕಾ ವಸಾಹತುವಾಗಿ ಬೆಳೆದು, ೧೯೭೮ರಲ್ಲಿ ಅಲ್ಲಿಯ ಉದ್ಯಮಿಗಳ ಸಂಘವೂ ಹುಟ್ಟಿಕೊಂಡಿತು. ದೊಡ್ಡ ಷೆಡ್ಡುಗಳವರು ಹೊರಗೆ ಹಂಚುವ ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್ ಮುಂತಾದ ಜಾಬ್ ವರ್ಕ್ ಸುತ್ತಲ ಹಳ್ಳಿಗಳ ಮನೆಮನೆಗೂ ಹರಿಯಿತು. ಈ ಗೃಹಸ್ಥ ಕಾರ್ಖಾನೆದಾರರು ತಮ್ಮ ವ್ಯವಹಾರಕ್ಕೆ ಅಗ್ಗವಾದ ದೂರವಾಣಿಯ ಏರ್ಪಾಡನ್ನು ಕಾಲಕಾಲಕ್ಕೆ ಹೇಗೆ ಮಾಡಿಕೊಂಡರೆಂಬುದು ಯಾವ ಗೆಜೆಟಿಯರಿನಲ್ಲಿಯೂ ದೊರಕುವ ವೃತ್ತಾಂತವಲ್ಲ. ಅದನ್ನು ಪರಿಭಾವಿಸಿದಾಗ ನನಗೆ ಕಾಣುವುದೇನೆಂದರೆ, ಅವರು ಎಂದಿಗೂ ಉಪಕರಣದ ಬೆಲೆಯನ್ನು ನೋಡಿ ಆಯ್ಕೆ ಮಾಡಿದವರಲ್ಲ. ಆಯಾ ಕಾಲದಲ್ಲಿ ಯಾವ ವಸ್ತು ದುರ್ಲಭವಾಗಿದ್ದಿತೋ ಅದನ್ನು ಮಿಗಿಸುವ ಉಪಾಯವನ್ನೇ ಅಗ್ಗವೆಂದು ಎಣಿಸಿದವರು.

ಮೊದಲು ದುರ್ಲಭವಾಗಿದ್ದುದು ತಂತಿಯೇ. ಇದರಲ್ಲೊಂದು ವಿಡಂಬನೆಯುಂಟು. ಸ್ವತಂತ್ರ ಭಾರತದ ಮೊತ್ತಮೊದಲ ಸಾರ್ವಜನಿಕ ಉದ್ಯಮವೆಂಬ ಹಿರಿಮೆಯನ್ನು ಪಡೆದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ೧೯೪೮ರಲ್ಲಿ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿ. ಅದರ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ದೇಶಕ್ಕೆಲ್ಲ ಟೆಲಿಫೋನು ಮಾಡಿ ಕಳುಹುತ್ತಿದ್ದ ನಗರದ ಪೂರ್ವದಿಕ್ಕಿನಲ್ಲಿ ಆ ಕಾರ್ಖಾನೆಯಿದ್ದರೆ, ಅದೇ ನಗರದ ವಾಯವ್ಯದಿಕ್ಕಿನಲ್ಲಿ ಟೆಲಿಫೋನಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಜನ ಇದ್ದರು. ಆ ಕಾರ್ಖಾನೆ ಆರಂಭಕಾಲದಲ್ಲಿ ತಯಾರಿಸಿದ್ದು ಸ್ಟ್ರೌಜರ್ ಪದ್ಧತಿಯ ಸ್ವಯಂಚಾಲಿತ ವಿನಿಮಯ ಕೇಂದ್ರಗಳ ಸಾಮಗ್ರಿಯನ್ನು. ೧೮೯೧ರಲ್ಲಿ ಅಮೆರಿಕದಲ್ಲಿ ಆ ಪದ್ಧತಿಗೆ ಪೇಟೆಂಟು ಪಡೆದ ಆಲ್ಮನ್ ಸ್ಟ್ರೌಜರ್ ಎಂಬಾತ ವಿಜ್ಞಾನಿಯಲ್ಲ, ಇಂಜಿನಿಯರನೂ ಅಲ್ಲ. ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವ ಕಸುಬಿನ ಒಬ್ಬ ಸಣ್ಣ ವ್ಯಾಪಾರಿ. ತನ್ನನ್ನು ಕೇಳಿ ಬಂದ ಕರೆಗಳನ್ನು ವಿನಿಮಯ ಕೇಂದ್ರದ ಆಪರೇಟರು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಸಂಶಯದಿಂದ ಕುಪಿತನಾಗಿ, ಮನುಷ್ಯರ ಕೈಯೇ ಬೇಡವೆಂದು ಆತ ಈ ಯಂತ್ರವನ್ನು ಕಲ್ಪಿಸಿದನೆಂದು ಪ್ರತೀತಿ. ಕಥೆಯಲ್ಲಿ ಉಪ್ಪು ಖಾರ ಎಷ್ಟು ಬೆರೆತಿದೆಯೋ ತಿಳಿಯದು. ಆದರೆ ಒಂದು ಕರೆ ತಪ್ಪಿದರೆ ಒಂದು ಆರ್ಡರು ತಪ್ಪಿತೆಂಬ ಆ ವ್ಯಾಪಾರಿಯ ತಳಮಳವು ನಾಗಸಂದ್ರದ ಲೇತಿನವನಿಗೆ ವಿವರಿಸದೆಯೇ ಅರ್ಥವಾಗತಕ್ಕದ್ದು.

ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿದ್ದ ಟೆಲಿಫೋನುಗಳು ಸುಮಾರು ಎಂಬತ್ತು ಸಾವಿರ. ೧೯೯೧ರ ಹೊತ್ತಿಗೂ ಅವು ಐವತ್ತು ಲಕ್ಷದ ಸುಮಾರಿನಲ್ಲಿಯೇ ಇದ್ದುವು. ಆದುದರಿಂದ ಸರಕಾರವು ಅರ್ಜಿದಾರರನ್ನು ವರ್ಗವರ್ಗವಾಗಿ ವಿಂಗಡಿಸಿ, ದೊಡ್ಡ ಮೊತ್ತವನ್ನು ಮುಂಗಡವಾಗಿ ಇಡತಕ್ಕವರಿಗೆ ಓ.ವೈ.ಟಿ. ಎಂಬ ಬೇರೊಂದು ಸಾಲನ್ನೇ ಮಾಡಿದ್ದಿತು. ಹಣವಿದ್ದವನ ಸಾಲು ಕೊಂಚ ಬೇಗ ಸರಿಯುತ್ತಿದ್ದಿತು, ಇಲ್ಲದವನದು ಸರಿಯುತ್ತಲೇ ಇರಲಿಲ್ಲ. ಹೊಸದಾಗಿ ಕಸುಬಿಗಿಳಿದವನು ಇರುವ ಹಣವನ್ನು ಯಂತ್ರಕ್ಕೆ ಹಾಕಬೇಕೋ ಟೆಲಿಫೋನಿನ ಠೇವಣಿಗೆ ಹಾಕಬೇಕೋ ಎಂಬ ಪ್ರಶ್ನೆ ಬಂದಾಗ, ಯಂತ್ರಕ್ಕೇ ಹಾಕುತ್ತಿದ್ದನು. ಅದು ವಿವೇಕವೇ ಸರಿ. ಟೆಲಿಫೋನಿನ ಕೆಲಸವನ್ನು ಪಿ.ಪಿ. ನಂಬರು ನೆರವೇರಿಸುತ್ತಿದ್ದಿತು.

ಇಂದಿನ ತರುಣರಿಗೆ ಈ ಎರಡಕ್ಷರದ ಮಹಿಮೆ ತಿಳಿದಿರಲಾರದು. ವಿಸಿಟಿಂಗ್ ಕಾರ್ಡಿನ ಮೇಲೆ ಸಂಸ್ಥೆಯ ಹೆಸರು, ಮಾಲೀಕನ ಹೆಸರು, ವಿಳಾಸಗಳನ್ನು ಅಚ್ಚು ಮಾಡಿಸಿ, ಕೆಳಗೆ ಒಂದು ದೂರವಾಣಿಯ ಸಂಖ್ಯೆಯನ್ನು ಕೊಟ್ಟು, ಅದರ ಮುಂದೆ ಪಿ.ಪಿ. ಎಂದು ಸೇರಿಸಿದರೆ, ಆ ಟೆಲಿಫೋನು ತನ್ನದಲ್ಲ, ನೆರೆಯವರದು, ಕೇಳಿದರೆ ಕರೆದು ಕೊಡುತ್ತಾರೆ ಎಂದು ಲೋಕವೆಲ್ಲ ಅರ್ಥಮಾಡಿಕೊಳ್ಳುತ್ತಿದ್ದಿತು. ನೆರೆಯವರೆಂದರೆ ಬೀದಿಯ ಮೂಲೆಯ ಔಷಧಿ ಅಂಗಡಿಯಾಗಬಹುದು, ಪ್ರಾವಿಷನ್ ಸ್ಟೋರಾಗಬಹುದು, ಸರಕಾರಿ ಕಾರ್ಖಾನೆಯ ಅಧಿಕಾರಿಯ ಮನೆಯಾಗಬಹುದು. ಈ ಏರ್ಪಾಡಿಗೆ ತಿಂಗಳ ಬಾಡಿಗೆಯಿಲ್ಲ. ಆದರೆ ಅದು ಪುಕ್ಕಟೆಯೆಂದು ಹೇಳುವವನು ಅದನ್ನು ಕಂಡವನಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಗೌರಿ ಹಬ್ಬಕ್ಕೆ ಬಾಗಿನ, ಆಯುಧಪೂಜೆಗೆ ಸಿಹಿಯ ಪೊಟ್ಟಣ ಮೊದಲು ಆ ಮನೆಗೆ ಹೋಗಬೇಕು; ಆ ಮನೆಯ ಗೇಟಿನ ತಿರುಗಣಿ ಮುರಿದರೆ ನಮ್ಮ ಷೆಡ್ಡಿನಲ್ಲಿ ಬೆಸುಗೆಯಾಗಬೇಕು; ಅವರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಕರೆ ಬಂದರೆ ಮುಖ ಚಿಕ್ಕದು ಮಾಡಿಕೊಂಡು ಒಳಗೆ ಕಾಲಿಡಬೇಕು. ಇದೆಲ್ಲಕ್ಕಿಂತ ದೊಡ್ಡ ಬೆಲೆಯೆಂದರೆ ಗುಟ್ಟಿನದು. ಪುಣೆಯಿಂದಲೋ ಕೊಯಮತ್ತೂರಿನಿಂದಲೋ ಬಂದ ಟ್ರಂಕ್ ಕಾಲಿನಲ್ಲಿ ಗಂಟಲು ಹರಿಯುವಂತೆ ಕೂಗದೆ ಮಾತು ಮುಟ್ಟುತ್ತಿರಲಿಲ್ಲವಾಗಿ, ಒಂದು ಪೀಸಿಗೆ ಎಷ್ಟು ದರ, ಎಷ್ಟು ಸಾಲ, ಎಂದು ಪಾವತಿ ಎಂಬ ಸಮಸ್ತ ವಿವರವೂ ಔಷಧಿ ಕೊಳ್ಳಲು ಬಂದವರ ಸಮಕ್ಷಮದಲ್ಲಿಯೇ ಘೋಷಿತವಾಗುತ್ತಿದ್ದಿತು. ಆ ಗಿರಾಕಿಗಳಲ್ಲಿ ಅದೇ ಕಸುಬಿನ ಇನ್ನೊಬ್ಬನು ಇದ್ದರೆ ನಾಳೆ ಅವನು ನಾಲ್ಕಾಣೆ ಕಡಿಮೆಗೆ ಒಪ್ಪಿಕೊಳ್ಳುವನು. ಸ್ಟ್ರೌಜರನು ಹೆದರಿದ್ದು ಆಪರೇಟರಿಗೆ. ಇಲ್ಲಿಯವರು ಹೆದರಬೇಕಾದದ್ದು ಕೆಮ್ಮಿನ ಔಷಧಿಗೆ ಬಂದ ಸ್ನೇಹಿತನಿಗೆ.

ಈ ಬರಗಾಲವು ಕರಗತೊಡಗಿದ್ದು ಕನ್ನಡ ನೆಲದಲ್ಲಿಯೇ ನಡೆದ ಒಂದು ಪ್ರಯೋಗದಿಂದ. ೧೯೮೪ರಲ್ಲಿ ಸ್ಯಾಮ್ ಪಿತ್ರೋಡ ಅವರ ಪ್ರೇರಣೆಯಿಂದ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ, ಮೂವತ್ತಾರು ತಿಂಗಳು ಮತ್ತು ಮೂವತ್ತಾರು ಕೋಟಿ ರೂಪಾಯಿಗಳ ಕಟ್ಟಿನೊಳಗೆ ದೇಶೀಯ ವಿನಿಮಯ ಕೇಂದ್ರವನ್ನು ನಿರ್ಮಿಸುವ ಪ್ರತಿಜ್ಞೆ ಮಾಡಿ, ತನ್ನ ನೂರಿಪ್ಪತ್ತೆಂಟು ದ್ವಾರಗಳ ಗ್ರಾಮೀಣ ವಿನಿಮಯ ಯಂತ್ರವನ್ನು ೧೯೮೬ರಲ್ಲಿ ಮೊದಲಿಗೆ ನೆಲೆಗೊಳಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಕೀರ್ತಿಯೂ ಸಲ್ಲಬೇಕೆಂಬುದು ನಮ್ಮಲ್ಲಿ ಅನೇಕರಿಗೆ ಮರೆತೇಹೋಗಿದೆ. ಹೊರದೇಶದ ಎಲೆಕ್ಟ್ರಾನಿಕ್ ಯಂತ್ರಗಳು ಬಯಸುವ ಹವಾನಿಯಂತ್ರಣವನ್ನು ಬೇಡದೆ, ನಮ್ಮ ಸೆಕೆಯನ್ನೂ ಧೂಳನ್ನೂ ಸಹಿಸಿಕೊಂಡು ನಡೆಯುವಂತೆ ಅದನ್ನು ರಚಿಸಿದ್ದುದೇ ಅದರ ಹೆಚ್ಚುಗಾರಿಕೆ. ಅದೇ ವಂಶಕ್ಕೆ ಸೇರಿದ ಕಚೇರಿ ಬಳಕೆಯ ಯಂತ್ರದ ತಂತ್ರಜ್ಞಾನವನ್ನು ಖಾಸಗಿ ತಯಾರಕರಿಗೂ ಹಂಚಿದುದರಿಂದ, ಇಪಿಎಬಿಎಕ್ಸ್ ಎಂಬ ಪದವು ದೊಡ್ಡ ಕಂಪನಿಗಳ ಸ್ವಾಗತಕಾರಿಣಿಯ ಮೇಜಿನಿಂದ ಇಳಿದು ಸಣ್ಣ ಷೆಡ್ಡಿನವರ ನಾಲಗೆಗೂ ಬಂದಿತು. ನಡುವೆ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಎದ್ದುವು. ರಾತ್ರಿ ಕಾಲುದರದ ಹೊತ್ತಿಗೆ ಅವುಗಳ ಮುಂದೆ ಸಾಲು ನಿಲ್ಲುತ್ತಿದ್ದುದನ್ನು ವರ್ಣಿಸಿದವರು ಬಹಳ ಮಂದಿಯಿರುವುದರಿಂದ ನಾನು ಮುಂದೆ ಹೋಗುತ್ತೇನೆ.

ತೊಂಬತ್ತರ ದಶಕದಲ್ಲಿ ಮನೆಗೆ ಒಂದು ಲೈನು ಬಂದಿತು. ಬಂದ ಲೈನು ಒಂದೇ. ಕೇಳಬೇಕಾದ ಕಿವಿಗಳು ಮಹಡಿಯಲ್ಲಿ ಎರಡು, ಪಡಸಾಲೆಯಲ್ಲಿ ಎರಡು, ಯಂತ್ರದ ಗದ್ದಲದ ನಡುವೆ ಎರಡು. ಎಲ್ಲ ಕಡೆಯೂ ಪ್ಯಾರಲಲ್ ಫೋನನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಅಗ್ಗ. ಆದರೆ ಒಂದು ಕಡೆ ಮಾತನಾಡಿದ್ದು ಇನ್ನೊಂದು ಕಡೆ ಎತ್ತಿದವರಿಗೆ ಕೇಳಿಸುವುದು, ಅತ್ತೆ ತವರಿನೊಡನೆ ಮಾತನಾಡುತ್ತಿರುವಾಗ ಕೆಳಗಿನ ಕೆಲಸಗಾರ ಎತ್ತಿ ‘ಹಲೋ’ ಎನ್ನುವುದು, ಇವು ದಿನದಿನದ ಉಪದ್ರವ. ಆದುದರಿಂದ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗಿ, ಒಂದು ಲೈನಿಗೆ ನಾಲ್ಕು ಎಕ್ಸ್‌ಟೆನ್ಷನ್, ಎರಡು ಲೈನಿಗೆ ಎಂಟು ಎಂದು ಲೆಕ್ಕ ಹಾಕಿ, ಗೋಡೆಗೆ ತಗುಲಿಸುವ ಪುಟ್ಟ ಪೆಟ್ಟಿಗೆಯನ್ನು ಕೊಂಡು ತರುವ ಪದ್ಧತಿ ಬೆಳೆಯಿತು. ಯಾವ ಎಕ್ಸ್‌ಟೆನ್ಷನ್ನಿನಿಂದ ಎಸ್‌ಟಿಡಿ ಹೋಗಬಾರದೋ ಅಲ್ಲಿ ಶೂನ್ಯವನ್ನು ತಡೆಯುವ ಅನುಕೂಲವೂ ಅದರಲ್ಲಿದ್ದಿತು. ಅದಕ್ಕೆ ಮುಂಚೆ ಡಯಲಿನ ರಂಧ್ರಕ್ಕೆ ಹಿತ್ತಾಳೆಯ ಪುಟ್ಟ ಬೀಗ ಹಾಕುತ್ತಿದ್ದರು. ಆದರೆ ಡಯಲು ಮಾಡುತ್ತಿದ್ದ ಕೆಲಸವೇನು? ಐದನ್ನು ತಿರುಗಿಸಿದರೆ ವಿದ್ಯುತ್ಪ್ರವಾಹವನ್ನು ಐದು ಬಾರಿ, ಶೂನ್ಯವನ್ನು ತಿರುಗಿಸಿದರೆ ಹತ್ತು ಬಾರಿ ಕಡಿಯುವುದು, ಅಷ್ಟೆ. ರಿಸೀವರನ್ನಿಡುವ ಗುಂಡಿಯನ್ನು ಅದೇ ಎಣಿಕೆಗೆ ಲಯಬದ್ಧವಾಗಿ ತಟ್ಟಿದರೂ ಕರೆ ಹೋಗುತ್ತಿದ್ದಿತೆಂಬುದನ್ನು ಚುರುಕು ಬೆರಳಿನ ಹುಡುಗರು ಕಂಡುಕೊಂಡಿದ್ದರು. ಯಜಮಾನನ ಬೀಗ ಯಜಮಾನನ ಸಮಾಧಾನಕ್ಕೆ ಮಾತ್ರ.

ಪೆಟ್ಟಿಗೆಯನ್ನು ಆರಿಸುವಾಗ ಬಲ್ಲವರು ಕೇಳುತ್ತಿದ್ದ ಮುಖ್ಯ ಪ್ರಶ್ನೆ ಬೆಲೆಯದಲ್ಲ, ಕರೆಂಟಿನದು. ತಾಮ್ರದ ಜೋಡಿತಂತಿಯ ಟೆಲಿಫೋನಿಗೆ ಬೇಕಾದ ನಲವತ್ತೆಂಟು ವೋಲ್ಟಿನ ಶಕ್ತಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ ಬರುತ್ತಿದ್ದುದರಿಂದ, ಊರೆಲ್ಲ ಕತ್ತಲಾದರೂ ಅದು ಜೀವಂತವಾಗಿರುತ್ತಿದ್ದಿತು. ಇಪಿಎಬಿಎಕ್ಸ್ ಹಾಗಲ್ಲ, ಮನೆಯ ವಿದ್ಯುತ್ತು ಹೋದರೆ ಅದೂ ಹೋಯಿತು. ಲೋಡ್ ಷೆಡ್ಡಿಂಗಿನ ದಿನಗಳಲ್ಲಿ ಯಂತ್ರಗಳು ನಿಂತಿರುವ ಹೊತ್ತೇ ಪಾರ್ಟಿಗಳೊಡನೆ ಮಾತಿಗೆ ಬಿಡುವಿನ ಹೊತ್ತು. ಆಗಲೇ ಫೋನು ಮೂಕವಾದರೆ ಹೇಗೆ? ಒಳ್ಳೆಯ ತಯಾರಿಕೆಯ ಪೆಟ್ಟಿಗೆಗಳಲ್ಲಿ, ವಿದ್ಯುತ್ತು ತಪ್ಪಿದ ಕೂಡಲೇ ಹೊರಗಿನ ಲೈನನ್ನು ತಾನಾಗಿ ಒಂದು ಎಕ್ಸ್‌ಟೆನ್ಷನ್ನಿಗೆ ನೇರವಾಗಿ ಜೋಡಿಸಿಬಿಡುವ ರಿಲೇ ಒಂದಿರುತ್ತಿದ್ದಿತು. ನೂರಿನ್ನೂರು ರೂಪಾಯಿ ಉಳಿಸಲು ಆ ಸೌಕರ್ಯವಿಲ್ಲದ್ದನ್ನು ಕೊಂಡವರು ಒಂದು ಬೇಸಿಗೆಯಲ್ಲಿಯೇ ಪಶ್ಚಾತ್ತಾಪಪಟ್ಟಿರಬೇಕು.

ಈ ನಡುವೆ ಸಂಖ್ಯೆಗಳೂ ಬೆಳೆದುವು. ಬೆಂಗಳೂರಿನ ಕೋಡು ೦೮೧೨ ಇದ್ದದ್ದು ೦೮೦ ಆಯಿತು. ಪೀಣ್ಯದ ಕಡೆಯ ೮೩೯ರಿಂದ ಆರಂಭವಾಗುತ್ತಿದ್ದ ಏಳಂಕಿಯ ನಂಬರುಗಳು ಮುಂದೆ ಒಂದು ೨ನ್ನು ಸೇರಿಸಿಕೊಂಡು ೨೮೩೯ ಎಂಬ ಎಂಟಂಕಿಯವಾದುವು. ಪ್ರತಿ ಬದಲಾವಣೆಗೂ ಬೋರ್ಡು, ಲೆಟರ್‌ಹೆಡ್ಡು, ಬಿಲ್ ಪುಸ್ತಕಗಳ ಮೇಲೆ ಬಣ್ಣ ಬಳಿಯುವ, ಚೀಟಿ ಅಂಟಿಸುವ ಖರ್ಚು. ಆದರೆ ಆ ನಾಲ್ಕಂಕಿಯನ್ನು ನೋಡಿದೊಡನೆಯೇ ಪರಸ್ಥಳದ ಖರೀದಿದಾರನು ‘ಇದು ಪೀಣ್ಯದ ಪಾರ್ಟಿ’ ಎಂದು ಗ್ರಹಿಸುತ್ತಿದ್ದನಾದ ಕಾರಣ, ಮನೆಯ ಪಡಸಾಲೆಯಲ್ಲಿ ಕುಳಿತವನಿಗೂ ಅದು ಒಂದು ಕಾರ್ಖಾನೆಯ ಗಾಂಭೀರ್ಯವನ್ನು ತಂದುಕೊಡುತ್ತಿದ್ದಿತು.

ಮೊಬೈಲಿನ ಕಾಲ ಬಂದಾಗ ದುರ್ಲಭವಾದದ್ದು ಲೈನಲ್ಲ, ನಿಮಿಷ. ಆರಂಭದಲ್ಲಿ ಒಳಬರುವ ಕರೆಗೂ ಹಣ ತೆರಬೇಕಾಗಿದ್ದಿತು. ಗಿರಾಕಿ ತನ್ನನ್ನು ಕರೆಯಲೆಂದು ಹಂಬಲಿಸುವ ವ್ಯಾಪಾರಿ, ಕರೆದಾಗ ಎತ್ತಲು ಹಿಂಜರಿಯುವ ಆ ಪ್ರಸಂಗ ೨೦೦೩ರ ಮೇ ತಿಂಗಳಲ್ಲಿ ನಿಯಮ ಬದಲಾಗುವವರೆಗೂ ನಡೆಯಿತು. ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು: ಒಂದು ರಿಂಗು ಬಂದರೆ ಮಾಲು ಹೊರಟಿತೆಂದೂ, ಎರಡು ಬಂದರೆ ಟೆಂಪೋ ಕಳುಹಿಸೆಂದೂ ಮೊದಲೇ ಒಪ್ಪಂದ. ೨೦೧೧ರ ಜನವರಿಯಿಂದ ಕಂಪನಿಯನ್ನು ಬದಲಿಸಿಯೂ ಸಂಖ್ಯೆಯನ್ನು ಉಳಿಸಿಕೊಳ್ಳಬಹುದಾಯಿತು. ೨೦೧೬ರ ನಂತರ ನಿಮಿಷಕ್ಕೂ ಬೆಲೆಯಿಲ್ಲದಾಯಿತು.

ಹೀಗಿರುವಾಗ ಕಾನೂನು ಏನು ಹೇಳುತ್ತಿದ್ದಿತೆಂಬುದನ್ನು ನೋಡಬೇಕು, ಏಕೆಂದರೆ ಮನೆಯಲ್ಲಿ ಕುಳಿತು ದೂರವಾಣಿಯ ಉದ್ಯೋಗ ಮಾಡುವವನನ್ನು ಅದು ಬಹುಕಾಲ ಸಂಶಯದಿಂದಲೇ ಕಂಡಿದ್ದಿತು. ಅಂತರ್ಜಾಲದ ಮೂಲಕ ಮಾತನಾಡುವುದಕ್ಕೆ ೨೦೦೨ರ ಏಪ್ರಿಲಿನಲ್ಲಿ ಅನುಮತಿ ದೊರೆತರೂ, ಅದನ್ನು ದೇಶದೊಳಗಿನ ಸಾಮಾನ್ಯ ದೂರವಾಣಿ ಜಾಲದೊಡನೆ ಬೆಸೆಯುವುದಕ್ಕೆ ಅಡ್ಡಗೋಡೆಗಳಿದ್ದುವು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಗಳ ಕಾಲ್ ಸೆಂಟರುಗಳನ್ನು ಕಣ್ಣಮುಂದಿಟ್ಟು ಬರೆದ ನಿಯಮಗಳಲ್ಲಿ, ನೌಕರನು ತನ್ನ ಮನೆಯಿಂದ ಕರೆಗಳಿಗೆ ಉತ್ತರ ಕೊಡಬೇಕಾದರೆ ಸಂಸ್ಥೆಯು ಒಂದು ಕೋಟಿ ರೂಪಾಯಿಯ ಭದ್ರತೆಯನ್ನು ಇಡಬೇಕೆಂಬ ವಿಧಿಯೂ ಇದ್ದಿತು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿ ಬಂದು ಎಲ್ಲರೂ ಮನೆ ಸೇರಿದಾಗ ಆ ವಿಧಿಯನ್ನು ತಾತ್ಕಾಲಿಕವಾಗಿ ಸಡಿಲಿಸಿದರು; ಅದೇ ವರ್ಷದ ನವೆಂಬರಿನಲ್ಲಿ ಭದ್ರತೆಯ ಹೊರೆಯನ್ನು ಕಿತ್ತೇ ಹಾಕಿದರು; ಮರುವರ್ಷ ಜೂನಿನಲ್ಲಿ, ಅಂಥ ಸಂಸ್ಥೆಯ ಇಪಿಎಬಿಎಕ್ಸ್ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಸರಿಯೆಂದು ಒಪ್ಪಿದರು. ಐಟಿ ಸಂಸ್ಥೆಗಳು ಇದನ್ನು ಯುಗಪರಿವರ್ತನೆಯೆಂದು ಹೊಗಳಿದರೆ ತಪ್ಪೇನೂ ಇಲ್ಲ. ಪಡಸಾಲೆಯಿಂದಲೇ ವ್ಯವಹಾರ ನಡೆಸುತ್ತ ಬಂದವರಿಗೆ ಮಾತ್ರ ಅದು ತಮ್ಮ ಹಳೆಯ ಪರಿಪಾಠಕ್ಕೆ ತಡವಾಗಿ ಬಿದ್ದ ಮುದ್ರೆಯಂತೆ ತೋರಿರಬೇಕು.

ಈಗ ದುರ್ಲಭವಾಗಿರುವುದು ಎತ್ತುವ ಮನುಷ್ಯ. ಕೆಲಸಗಾರನಿಗೆ ಪುರುಸೊತ್ತಿಲ್ಲ, ಮಕ್ಕಳು ಓದಲು ಹೋಗಿದ್ದಾರೆ, ಯಜಮಾನನು ಸಿಎನ್‌ಸಿ ಯಂತ್ರದ ಮುಂದಿದ್ದಾನೆ. ‘ಮಾರಾಟಕ್ಕೆ ಒಂದನ್ನು ಒತ್ತಿ, ಲೆಕ್ಕಪತ್ರಕ್ಕೆ ಎರಡನ್ನು ಒತ್ತಿ’ ಎಂದು ಹೇಳುವ ಮೇಘಜಾಲದ ಸೇವೆಗಳನ್ನು ತಿಂಗಳ ಬಾಡಿಗೆಗೆ ಪಡೆಯಬಹುದು. ಒಂದನ್ನು ಒತ್ತಿದರೂ ಎರಡನ್ನು ಒತ್ತಿದರೂ ಎತ್ತುವವನು ಒಬ್ಬನೇ ಎಂಬುದು ಗಿರಾಕಿಗೆ ತಿಳಿಯದಷ್ಟು ಕಾಲ ಅದರಿಂದ ಶೋಭೆಯುಂಟು. ನನ್ನ ಅಭಿಪ್ರಾಯದಲ್ಲಿ ಇಬ್ಬರು ಮೂವರ ಮನೆಗೆ ಇದು ಅನಾವಶ್ಯಕ. ವ್ಯವಹಾರಕ್ಕೆಂದೇ ಪ್ರತ್ಯೇಕವಾದ ಒಂದು ಸಿಮ್ಮು ಮತ್ತು ಒಂದು ಸ್ಥಿರ ದೂರವಾಣಿ ಸಾಕು. ಆದರೆ ಆ ಸ್ಥಿರ ದೂರವಾಣಿ ಇಂದು ತಾಮ್ರದ್ದಲ್ಲ, ಗಾಜಿನ ನೂಲೆಳೆಯದು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಗೋಡೆಯ ಮೇಲಿನ ಮೋಡೆಮ್ಮಿಗೆ ಕರೆಂಟು ಹೋದರೆ ಫೋನೂ ಹೋಯಿತು. ತೊಂಬತ್ತರ ದಶಕದ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ, ಸಣ್ಣದೊಂದು ಯುಪಿಎಸ್ಸಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ೨೦೨೧ರ ಜನವರಿ ೧೫ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಯಬೇಕಾದರೆ ಮುಂದೆ ಸೊನ್ನೆಯನ್ನು ಒತ್ತಬೇಕಾಗಿದೆ. ೨೮೩೯ರ ಹಳೆಯ ನಂಬರಿನಿಂದ ಹೊರಗೆ ಕರೆಯುವವರೇ ವಿರಳವಾದುದರಿಂದ ಅದನ್ನು ಯಾರೂ ಗಮನಿಸಿದಂತಿಲ್ಲ; ಪುಣೆ, ಕೊಯಮತ್ತೂರುಗಳ ಖರೀದಿ ವಿಭಾಗದ ಕಡತಗಳಲ್ಲಿ ಆ ಸಂಖ್ಯೆಯೇ ಇರುವ ತನಕ, ಒಳಬರುವ ಕರೆಗಾಗಿ ಅದರ ತಿಂಗಳ ಬಾಡಿಗೆಯನ್ನು ಕಟ್ಟುತ್ತಾ ಹೋಗುವವರು ಈ ಹೆದ್ದಾರಿಯ ಆಸುಪಾಸಿನಲ್ಲಿ ಇನ್ನೂ ಇದ್ದಾರೆ.