ಹಲರು, ಎಲ್ಲರು ಮತ್ತು ಒಂದು ಕಾಲುಸಂಕ
(ಬಾನುಲಿ ಭಾಷಣ)

ಬಾರಕೂರಿನ ಶಾಸನಗಳನ್ನು ಮೊದಲ ಬಾರಿಗೆ ಓದಿದಾಗ ನನ್ನ ಗಮನವನ್ನು ಸೆಳೆದದ್ದು ಅರಸರ ಬಿರುದಾವಳಿಯಲ್ಲ, ‘ಹಲರು’ ಎಂಬ ಸಣ್ಣದೊಂದು ಮಾತು. ವ್ಯಾಕರಣದ ಪಾಠದಲ್ಲಿ ಅದು ಸಂಖ್ಯೆಯನ್ನು ಹೇಳುವ ಸಾಮಾನ್ಯ ಪದ. ಹಲವರು ಎಂದಷ್ಟೇ ಅದರ ಅರ್ಥ. ಆದರೆ ಕರಾವಳಿಯ ಶಾಸನಗಳಲ್ಲಿ ಅದು ಒಂದು ಸಂಸ್ಥೆಯ ಹೆಸರು. ಕೇರಿಯ ಹಲರು ಕೂಡಿ ದೇವಸ್ಥಾನಕ್ಕೆ ಬಿಟ್ಟ ಭೂಮಿಯನ್ನು ನೋಡಿಕೊಳ್ಳುತ್ತಾರೆ, ದತ್ತಿಗೆ ಸಾಕ್ಷಿಯಾಗುತ್ತಾರೆ, ಧರ್ಮವು ತಪ್ಪದಂತೆ ಕಾಯುವ ಹೊಣೆಯನ್ನು ಹೊರುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಸ್ಥಳೀಯ ಆಡಳಿತದ ಕಥೆಯನ್ನು ಹೇಳಹೊರಟರೆ ಈ ಮಾತಿನಿಂದಲೇ ತೊಡಗುವುದು ಉಚಿತವೆಂದು ನನಗೆ ತೋರುತ್ತದೆ.

ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಯಿತು. ಮೂಡಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ನಗರವು ಕೇರಿ ಕೇರಿಗಳಾಗಿ ಹಂಚಿಕೊಂಡಿತ್ತು. ಕುಂದಾಪುರದ ನೆರೆಯ ಬಸರೂರಿನಲ್ಲಿಯೂ ಮೂಡಕೇರಿ, ಪಡುವಕೇರಿಗಳಿದ್ದವು. ಅಲ್ಲಿ ಹಲರ ಜೊತೆಗೆ ಸೆಟ್ಟಿಕಾರರೂ ಕಾಣಿಸಿಕೊಳ್ಳುತ್ತಾರೆ. ‘ಜಗತ್ತು’ ಎಂಬುದು ಇದೇ ಬಗೆಯ ಇನ್ನೊಂದು ಸಭೆಯ ಹೆಸರು. ಆ ಪದ ಸತ್ತಿಲ್ಲ. ಕೋಟದ ಹದಿನಾಲ್ಕು ಗ್ರಾಮಗಳ ಹೆಸರನ್ನು ಹೊತ್ತ ಸಮುದಾಯದ ಸಂಘಟನೆ ಈಗಲೂ ತನ್ನನ್ನು ‘ಕೂಟ ಮಹಾಜಗತ್ತು’ ಎಂದೇ ಕರೆದುಕೊಳ್ಳುತ್ತದೆ. ಬೇರೆ ಬೇರೆ ಊರುಗಳು ಒಂದಾಗಿ ನಿಲ್ಲುವ ಅಭ್ಯಾಸ ಈ ನೆಲಕ್ಕೆ ಹೊಸತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಹಲರು ಎಂದರೆ ಎಲ್ಲರು ಅಲ್ಲ. ಆ ಸಭೆಗಳಲ್ಲಿ ಕುಳಿತವರು ಭೂಮಿಯುಳ್ಳವರು, ವಣಿಕರು, ದೇವಸ್ಥಾನಗಳಿಗೆ ಹತ್ತಿರದವರು. ಗದ್ದೆಯಲ್ಲಿ ನೇಜಿ ನೆಟ್ಟವಳಿಗೂ ದೋಣಿಯ ಹುಟ್ಟು ಹಾಕಿದವನಿಗೂ ಅಲ್ಲಿ ಸ್ಥಾನವಿದ್ದಂತೆ ಕಾಣುವುದಿಲ್ಲ. ನಮ್ಮ ಸ್ಥಳೀಯ ಆಡಳಿತದ ಚರಿತ್ರೆಯನ್ನು ಹಲರಿಂದ ಎಲ್ಲರ ಕಡೆಗೆ ನಡೆದ ನಿಧಾನವಾದ, ನಡುನಡುವೆ ಹಿಂದೆ ಸರಿದ ಒಂದು ಪಯಣವೆಂದು ನಾನು ತಿಳಿಯುತ್ತೇನೆ.

ಕೆಳದಿಯ ಅರಸರ ಕಾಲಕ್ಕೆ ಬಂದರೆ ‘ಮಾಗಣೆ’ ಎಂಬ ಮಾತು ಮುಂದೆ ಬರುತ್ತದೆ. ಹಲವು ಗ್ರಾಮಗಳನ್ನು ಒಟ್ಟುಗೂಡಿಸಿದ ಕಂದಾಯದ ಘಟಕವದು. ಇಲ್ಲಿ ಊರುಗಳು ಕೂಡಿದ್ದು ತಮ್ಮ ಕೆಲಸಕ್ಕಾಗಿ ಅಲ್ಲ, ಸರಕಾರದ ಲೆಕ್ಕಕ್ಕಾಗಿ. 1799ರಲ್ಲಿ ಕೆನರಾ ಕಂಪನಿಯ ಕೈಸೇರಿದ ಮೇಲೂ ಪಟೇಲ, ಶಾನುಭೋಗ, ಉಗ್ರಾಣಿಗಳ ಕೈಯಲ್ಲಿ ಅದೇ ಲೆಕ್ಕ ಮುಂದುವರಿಯಿತು. ಕೆನರಾ ಎರಡಾದಾಗ ಕುಂದಾಪುರ ತಾಲೂಕು ಮೊದಲು ಉತ್ತರದ ಭಾಗಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರವನ್ನು ಮಾತ್ರ ದಕ್ಷಿಣಕ್ಕೆ ಉಳಿಸಿಕೊಂಡು ಮದರಾಸಿನಲ್ಲಿಯೇ ಇರಿಸಿದರು. ಬೈಂದೂರಿನಾಚೆಯ ಗಡಿ ಹೀಗೆ ಎರಡು ಪ್ರಾಂತ್ಯಗಳ ಗಡಿಯಾಯಿತು. ಊರಿನವರನ್ನು ಯಾರಾದರೂ ಕೇಳಿದ್ದರೇ? ಕೇಳುವ ಪದ್ಧತಿ ಆಗ ಇರಲಿಲ್ಲ.

ಕೇಳುವ ಪದ್ಧತಿಗೆ ಅಂಕುರ ಮೂಡಿದ್ದು 1882ರ ರಿಪ್ಪನ್ ಪ್ರಭುವಿನ ನಿರ್ಣಯದಿಂದ. ಅದರ ಬೆನ್ನಿಗೆ 1884ರಲ್ಲಿ ಮದರಾಸಿನ ಸ್ಥಳೀಯ ಬೋರ್ಡುಗಳ ಕಾಯಿದೆ ಬಂದಿತು. ಮೇಲೆ ಜಿಲ್ಲಾ ಬೋರ್ಡು, ನಡುವೆ ತಾಲೂಕು ಬೋರ್ಡು, ಕೆಳಗೆ ಕೆಲವು ಗ್ರಾಮಗಳ ಯೂನಿಯನ್ನು ಎಂಬ ಮೂರು ಮೆಟ್ಟಿಲುಗಳ ವ್ಯವಸ್ಥೆಯದು. ಭೂಕಂದಾಯದ ಮೇಲಿನ ಸೆಸ್ಸು, ರಸ್ತೆಯ ಸುಂಕ, ಹೊಳೆಯ ಕಡವಿನ ಹರಾಜು ಇವು ಆದಾಯ. ರಸ್ತೆ, ಪ್ರಾಥಮಿಕ ಶಾಲೆ, ಆಸ್ಪತ್ರೆ ಇವು ವೆಚ್ಚ. ಮೊದಮೊದಲು ಜಿಲ್ಲಾ ಬೋರ್ಡಿಗೆ ಕಲೆಕ್ಟರರೇ ಅಧ್ಯಕ್ಷರು, ಸದಸ್ಯರಲ್ಲಿ ನಾಮಕರಣಗೊಂಡವರೇ ಬಹಳ. ಆದರೂ ಈ ಬೋರ್ಡುಗಳ ಗುರುತು ನಮ್ಮ ನುಡಿಯಲ್ಲಿ ಆಳವಾಗಿ ಉಳಿದಿದೆ. ‘ಬೋರ್ಡ್ ಶಾಲೆ’, ‘ಬೋರ್ಡ್ ಹೈಸ್ಕೂಲು’ ಎಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ನನ್ನ ತಲೆಮಾರಿನವರು ಬೆಳೆದೆವು. ಬೋರ್ಡು ಏನೆಂದು ನಮಗೆ ತಿಳಿದಿರಲಿಲ್ಲ, ಶಾಲೆ ತಿಳಿದಿತ್ತು. 1934ರಲ್ಲಿ ತಾಲೂಕು ಬೋರ್ಡುಗಳನ್ನು ರದ್ದುಪಡಿಸಿ ಅವುಗಳ ಕೆಲಸವನ್ನು ಜಿಲ್ಲಾ ಬೋರ್ಡಿಗೆ ಒಪ್ಪಿಸಲಾಯಿತು. ಕುಂದಾಪುರದಲ್ಲಿ ತೀರುತ್ತಿದ್ದ ಮಾತಿಗೆ ಮಂಗಳೂರಿನವರೆಗೆ ಹೋಗಬೇಕಾಯಿತು.

ಇಲ್ಲಿಂದ ಮುಂದಿನ ಚರಿತ್ರೆಯೆಲ್ಲ ಒಂದು ತೂಗುಯ್ಯಾಲೆಯಂತೆ ಕಾಣುತ್ತದೆ. ಸಂಸ್ಥೆ ಚಿಕ್ಕದಾದರೆ ಜನರಿಗೆ ಹತ್ತಿರ, ಆದರೆ ಕೈಯಲ್ಲಿ ಕಾಸಿಲ್ಲ. ದೊಡ್ಡದಾದರೆ ಕಾಸುಂಟು, ಆದರೆ ಜನರಿಗೆ ದೂರ. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1959ರ ಕಾಯಿದೆಯಂತೆ ಗ್ರಾಮ ಪಂಚಾಯತಿಗಳೂ ಅವುಗಳ ಮೇಲೆ ತಾಲೂಕು ಅಭಿವೃದ್ಧಿ ಮಂಡಳಿಗಳೂ ಏರ್ಪಟ್ಟವು. 1963ರಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಆದರೂ ಪಂಚಾಯತಿಯ ಪೆಟ್ಟಿಗೆ ಹಗುರವಾಗಿಯೇ ಇತ್ತು.

ಈ ತೊಡಕನ್ನು ಬಿಡಿಸಲು ನಡೆದ ಧೀರ ಪ್ರಯತ್ನವೆಂದರೆ ಮಂಡಲ ಪಂಚಾಯತಿ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ರೂಪಿಸಿದ 1983ರ ಮಸೂದೆ 1985ರಲ್ಲಿ ಕಾಯಿದೆಯಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು, ಏಪ್ರಿಲ್ ಒಂದರಿಂದ ಹೊಸ ಸಂಸ್ಥೆಗಳು ಕೆಲಸಕ್ಕೆ ತೊಡಗಿದವು. ಹಲವು ಗ್ರಾಮಗಳು ಕೂಡಿ ಒಂದು ಮಂಡಲ. ಸಾಮಾನ್ಯವಾಗಿ 8,000ದಿಂದ 12,000 ಜನಸಂಖ್ಯೆ; ಮನೆಗಳು ಗುಡ್ಡ ಬಯಲುಗಳಲ್ಲಿ ಚೆದರಿಕೊಂಡಿರುವ ಮಲೆನಾಡು, ಕರಾವಳಿಗಳಲ್ಲಿ ಇದಕ್ಕೆ ಸಡಿಲಿಕೆಯಿತ್ತು. ಶೇಕಡಾ 25 ಸ್ಥಾನಗಳು ಮಹಿಳೆಯರಿಗೆ ಮೀಸಲು. ಪ್ರತಿಯೊಂದು ಊರಿನ ಮತದಾರರೆಲ್ಲ ವರ್ಷಕ್ಕೆರಡು ಬಾರಿ ಗ್ರಾಮಸಭೆಯಲ್ಲಿ ಕೂಡಬೇಕು. ಹಲರು ಎಲ್ಲರಾಗಲು ಕಾನೂನು ಬಾಗಿಲು ತೆರೆದ ಗಳಿಗೆ ಅದು.

ಆಗ ನಾನು ಉಪನ್ಯಾಸಕ ವೃತ್ತಿಗೆ ಹೊಸಬ. ಘಟ್ಟದ ತಪ್ಪಲಿನ ನಮ್ಮೂರಿನಿಂದ ನನ್ನ ಚಿಕ್ಕಮ್ಮ ಮಂಡಲದ ಸದಸ್ಯೆಯಾದರು. ಐದನೆಯ ತರಗತಿಯವರೆಗೆ ಓದಿದ್ದವರು. ಮೀಸಲು ಸ್ಥಾನಕ್ಕೊಂದು ಹೆಸರು ಬೇಕೆಂದು ಊರಿನ ಗಂಡಸರು ಅವರನ್ನು ನಿಲ್ಲಿಸಿದ್ದರು. ಸಹಿ ಹಾಕುವುದರಾಚೆಗೆ ಅವರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಮೊದಲ ಕೆಲವು ಸಭೆಗಳಲ್ಲಿ ಅವರು ಮಾತಾಡಲೂ ಇಲ್ಲ. ಮಳೆಗಾಲ ಮುಗಿದ ಮೇಲೆ ನಡೆದ ಗ್ರಾಮಸಭೆಗೆ ನಾನೂ ಹೋಗಿದ್ದೆ. ಕಚೇರಿಯ ಕಟ್ಟಡ, ಬಸ್ಸು ನಿಲ್ದಾಣ ಎಂದು ಚರ್ಚೆ ನಡೆದಿತ್ತು. ಚಿಕ್ಕಮ್ಮ ಎದ್ದು ನಿಂತರು. “ಹ್ವಾಯ್, ಮಳ್ಗಾಲದಗೆ ಮಕ್ಳ್ ಶಾಲಿಗೆ ಹೋಪ್ದ್ ಹ್ಯಾಂಗೆ?” ಎಂದಷ್ಟೇ ಕೇಳಿ ಕುಳಿತರು.

ಪ್ರಶ್ನೆ ಎಲ್ಲರಿಗೂ ಅರ್ಥವಾಯಿತು. ನಮ್ಮೂರಿಗೂ ನೆರೆಯೂರಿಗೂ ನಡುವೆ ಒಂದು ತೋಡು. ಶಾಲೆ ಆಚೆ ದಡದಲ್ಲಿ. ದಾಟಲು ಎರಡು ಅಡಿಕೆ ಮರದ ಕಾಲುಸಂಕ. ಈ ಸೀಮೆಯವರಿಗೆ ಕಾಲುಸಂಕವೆಂದರೇನೆಂದು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಿನಿಂದ ಸಪ್ಟೆಂಬರಿನವರೆಗೆ ಮಕ್ಕಳನ್ನು ಶಾಲೆಗೆ ಕಳಿಸಿದ ತಾಯಂದಿರು ಸಂಜೆಯವರೆಗೆ ಎದೆಯಲ್ಲಿ ಹೊತ್ತುಕೊಂಡಿರುವ ವಸ್ತು ಅದು. ಮಂಡಲದ ಹಣದಲ್ಲಿ ಆ ವರ್ಷ ಸಾಧ್ಯವಿದ್ದದ್ದು ಒಂದೇ ದೊಡ್ಡ ಕಾಮಗಾರಿ. ಮುಂದಿನ ಮಂಡಲ ಸಭೆಯಲ್ಲಿ ನೆರೆಯೂರಿನ ಸದಸ್ಯರು ತಮ್ಮ ಬಾವಿಯ ಸರದಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಸಂಕ ಮೊದಲಾಗಲಿ ಎಂದರು. ಬೇಸಗೆಯಲ್ಲಿ ಕಾಂಕ್ರೀಟಿನ ಕಿರುಸೇತುವೆ ಎದ್ದಿತು. ಎರಡು ಊರುಗಳು ಒಂದು ಸಭೆಯಲ್ಲಿ ಕುಳಿತದ್ದರಿಂದ ಆದ ಕೆಲಸ ಅದು. ಒಂದೇ ಊರಿನ ಪಂಚಾಯತಿಗೆ ಆ ಹಣವೂ ಇರುತ್ತಿರಲಿಲ್ಲ, ಆಚೆ ದಡದ ಮೇಲೆ ಅಧಿಕಾರವೂ ಇರುತ್ತಿರಲಿಲ್ಲ.

ಮಂಡಲಗಳ ಆಯುಷ್ಯ ಐದೇ ವರ್ಷ. ನಜೀರ್ ಸಾಬರು 1988ರಲ್ಲಿಯೇ ತೀರಿಕೊಂಡಿದ್ದರು. 1992ರಲ್ಲಿ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ 1993ರ ಕಾಯಿದೆ ಜಾರಿಗೊಂಡು, ಮಂಡಲಗಳ ಸ್ಥಾನದಲ್ಲಿ ಅವುಗಳಿಗಿಂತ ಕಿರಿದಾದ ಗ್ರಾಮ ಪಂಚಾಯತಿಗಳು ಬಂದವು. ಇದರಲ್ಲಿ ಲಾಭವಿಲ್ಲದಿಲ್ಲ. ಮಹಿಳೆಯರ ಪಾಲು ಮೂರನೆಯ ಒಂದಕ್ಕೆ ಏರಿತು, 2010ರಲ್ಲಿ ಅರ್ಧವಾಯಿತು. ಚುನಾವಣೆಗೆ ಸಂವಿಧಾನದ ಬಲ ಬಂದಿತು. ಆದರೆ ನಮ್ಮ ತೋಡಿನ ಕಥೆ ಬೇರೆಯಾಯಿತು. ಮಂಡಲ ಒಡೆದು ಎರಡು ಪಂಚಾಯತಿಗಳಾದಾಗ ಗಡಿಯಾಗಿ ಆರಿಸಿದ್ದು ಅದೇ ತೋಡನ್ನು. ಸಂಕದ ಕೈಪಿಡಿ ಮುರಿದಾಗ ರಿಪೇರಿ ಯಾರದೆಂಬ ಪ್ರಶ್ನೆ ಹುಟ್ಟಿತು. ಈಚೆಯವರು ಆಚೆಯವರತ್ತ, ಆಚೆಯವರು ಈಚೆಯವರತ್ತ ಬೆರಳು ತೋರಿಸಿದರು. ಮೂರು ಮಳೆಗಾಲಗಳು ಕಳೆದವು.

ಜರ್ಮನಿಯ ರೈನ್‌ಲ್ಯಾಂಡ್-ಪಲಾಟಿನೇಟ್ ಪ್ರಾಂತ್ಯದ ವ್ಯವಸ್ಥೆಯನ್ನು ಓದುವಾಗ ಈ ತೋಡು ನನಗೆ ನೆನಪಾಯಿತು. ಅಲ್ಲಿ ಕೆಲವೇ ನೂರು ಜನರ ಹಳ್ಳಿಗೂ ತನ್ನದೇ ಚುನಾಯಿತ ಸಭೆ, ತನ್ನದೇ ಮುಖಂಡ. ಆದರೆ ಹತ್ತಾರು ಹಳ್ಳಿಗಳು ಕೂಡಿ ‘ಫರ್ಬಾಂಡ್ಸ್‌ಗೆಮೈಂಡ’ ಎಂಬ ಒಕ್ಕೂಟವನ್ನು ಮಾಡಿಕೊಂಡು, ಕಚೇರಿ, ನೌಕರರು, ಲೆಕ್ಕಪತ್ರಗಳನ್ನು ಹಂಚಿಕೊಳ್ಳುತ್ತವೆ. ಒಕ್ಕೂಟಕ್ಕೂ ಬೇರೆ ಚುನಾವಣೆಯಿದೆ. ಊರು ಕರಗುವುದಿಲ್ಲ, ಒಂಟಿಯಾಗುವುದೂ ಇಲ್ಲ. ಅಲ್ಲಿಯೂ ಎಲ್ಲವೂ ಸ್ಥಿರವಲ್ಲ. ಪೂರ್ವ ಭಾಗದ ಸ್ಯಾಕ್ಸನಿ-ಆನ್‌ಹಾಲ್ಟ್ ಪ್ರಾಂತ್ಯದಲ್ಲಿ ಇಂಥ ಆಡಳಿತ ಒಕ್ಕೂಟಗಳನ್ನು 2010ರ ಆಸುಪಾಸಿನಲ್ಲಿ ಮುಗಿಸಿ ದೊಡ್ಡ ಘಟಕಗಳನ್ನು ಮಾಡಿದರು. ತೂಗುಯ್ಯಾಲೆ ಎಲ್ಲ ದೇಶಗಳಲ್ಲಿಯೂ ಇದೆಯೆಂದಾಯಿತು.

ನಮ್ಮಲ್ಲಿ ಅದು ಇನ್ನೂ ನಿಂತಿಲ್ಲ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ, ಸುಮಾರು 120 ಕಿಲೋಮೀಟರು ಕ್ರಮಿಸಿ ಮಂಗಳೂರಿಗೆ ಹೋಗುವ ಶ್ರಮ ಬೈಂದೂರಿನವರಿಗೆ ತಪ್ಪಿತು. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಒಂದು ಕಡೆ ತಾಲೂಕುಗಳು ಒಡೆದರೆ ಇನ್ನೊಂದು ಕಡೆ ಪಂಚಾಯತಿಗಳು ಕೂಡಿದವು. ಬೈಂದೂರು, ಯಡ್ತರೆ, ಪಡುವರಿ ಮೊದಲಾದವು ಸೇರಿ ಪಟ್ಟಣ ಪಂಚಾಯತಿಯಾಯಿತು. ಹೊಲ, ಕಾಡುಗಳ ನಡುವೆ ಬದುಕುವ ನಮ್ಮನ್ನು ಪಟ್ಟಣದವರೆಂದು ಕರೆದರೆ ಹೇಗೆ, ಗ್ರಾಮಾಂತರ ಭಾಗವನ್ನು ಬಿಡಿಸಿಕೊಡಿ ಎಂದು ಅಲ್ಲಿನ ಕೃಷಿಕರು ಒತ್ತಾಯಿಸಿದ್ದೂ ಉಂಟು. ಇತ್ತ ಕೋಟತಟ್ಟಿನಂಥ ಗ್ರಾಮ ಪಂಚಾಯತಿ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುತ್ತ, ಚರಂಡಿ ದೀಪಗಳ ಜೊತೆಗೆ ಸಾಹಿತ್ಯವೂ ತನ್ನ ಕೆಲಸವೆಂದು ತೋರಿಸಿದೆ. ಗಾತ್ರ ಮಾತ್ರವೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಹಳ್ಳಿಯೊಂದರಲ್ಲಿ ಪುಟ್ಟ ವಿದ್ಯಾರ್ಥಿನಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಆ ಸುದ್ದಿಯನ್ನು ಓದಿದ ದಿನ ಚಿಕ್ಕಮ್ಮನ ಪ್ರಶ್ನೆ ಮತ್ತೆ ಕಿವಿಯಲ್ಲಿ ಮೊಳಗಿತು. ಮೂವತ್ತೈದು ವರ್ಷಗಳಾದರೂ ಅದಕ್ಕೆ ಪೂರ್ತಿ ಉತ್ತರ ಸಿಕ್ಕಿರಲಿಲ್ಲ.

ಆ ನಡಾವಳಿಯನ್ನು ಒಮ್ಮೆ ಕಾಣಬೇಕೆಂದು ಕಚೇರಿಯೊಂದಕ್ಕೆ ಹೋದೆ. ಮಂಡಲದ ಕಾಲದ ಕಾಗದಗಳನ್ನು ಒಂದು ಕಪಾಟಿನಲ್ಲಿ ಕಟ್ಟಿಟ್ಟಿದ್ದರು. ಗೆದ್ದಲು ನನಗಿಂತ ಮೊದಲೇ ಅವನ್ನು ಓದಿ ಮುಗಿಸಿತ್ತು. ಆರೇಳು ನೂರು ವರ್ಷಗಳ ಹಿಂದೆ ಬಾರಕೂರಿನ ಹಲರು ಮಾಡಿದ ತೀರ್ಮಾನಗಳನ್ನು ನಾವು ಕಲ್ಲಿನಿಂದ ಓದಬಲ್ಲೆವು. ಮೊನ್ನೆ ಮೊನ್ನೆ ನಮ್ಮ ತಾಯಂದಿರು ಸಹಿ ಮಾಡಿದ ನಿರ್ಣಯವನ್ನು ಓದಲಾರೆವು. ನಿಮ್ಮ ಊರಿನ ಪಂಚಾಯತಿಯಲ್ಲಿ 1987ರಿಂದ 1992ರವರೆಗಿನ ನಡಾವಳಿ ಪುಸ್ತಕಗಳು ಉಳಿದಿದ್ದರೆ ದಯವಿಟ್ಟು ಹೋಗಿ ನೋಡಿ, ಪ್ರತಿ ಮಾಡಿಸಿ, ಹತ್ತಿರದ ಗ್ರಂಥಾಲಯಕ್ಕೆ ಒಪ್ಪಿಸಿ. ಆ ಸಭೆಗಳಲ್ಲಿ ಕುಳಿತವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಿ. ನನ್ನ ಚಿಕ್ಕಮ್ಮನನ್ನು ಕೇಳಲು ನಾನು ತಡಮಾಡಿದೆ.