ಅಂಕಕಾರ ಅಂದ್ರೆ ಗ್ಲಾಡಿಯೇಟರಾ?

ಶಾಸನಗಳ ‘ಅಂಕಕಾರ’ ಪದ ಕಂಡ ಕೂಡಲೇ ರೋಮಿನ ಗ್ಲಾಡಿಯೇಟರ್ ನೆನಪಾಗೋದು ಸಹಜ. ಅಂಕ ಅಂದ್ರೆ ಇಬ್ಬರು ಎದುರುಬದುರು ನಿಂತು ಮಾಡುವ ಕಾಳಗ. ಕರಾವಳಿಯ ಕೋಳಿ ಅಂಕದಲ್ಲಿ ಆ ಅರ್ಥ ಇನ್ನೂ ಜೀವಂತ. ಆದರೆ ಎರಡೂ ಕಡೆಯ ಕಲ್ಲುಗಳನ್ನು ಜೋಡಿಸಿ ಓದ್ರಿ, ತಾಳೆ ಆಗಲ್ಲ.

ಸಿಸಿಲಿಯಲ್ಲಿ ಸಿಕ್ಕ ಗ್ಲಾಡಿಯೇಟರ್ ಫ್ಲಮ್ಮಾನ ಸಮಾಧಿಶಾಸನ ಹೀಗಿದೆ: ಬದುಕಿದ್ದು 30 ವರ್ಷ, ಕಾದಿದ್ದು 34 ಸಲ, ಗೆದ್ದದ್ದು 21, ಸಮ 9, ಸೋತೂ ಜೀವ ಉಳಿದದ್ದು 4. ನಾಡು ಸಿರಿಯಾ. ಕಲ್ಲು ಮಾಡಿಸಿದವನು ಜೊತೆಗಾರ ಡೆಲಿಕಾಟಸ್. (ಕೂಡಿಸಿ ನೋಡಿದೆ, ಸರಿಯಾಗಿ 34. ಇಂಜಿನಿಯರ್ ಚಟ!) ಇವರಲ್ಲಿ ಹೆಚ್ಚಿನವರು ಗುಲಾಮರು, ಸೆರೆಯಾಳುಗಳು. ಜನ ಎಷ್ಟೇ ಕುಣಿದಾಡಲಿ, ಕಾನೂನಿನ ಕಣ್ಣಲ್ಲಿ ಮಾನವಿಲ್ಲದವರು. ಚಕ್ರವರ್ತಿ ಕೊಮೊಡಸ್ ತಾನೇ ಕಣಕ್ಕಿಳಿದಾಗ ಅಲ್ಲಿನ ಗಣ್ಯರಿಗೆ ಅದು ಅವಮಾನ.

ನಮ್ಮಲ್ಲಿ ಇದು ಉಲ್ಟಾ. ಕ್ರಿ.ಶ. 982ರಲ್ಲಿ ತೀರಿಕೊಂಡ ರಾಷ್ಟ್ರಕೂಟ ನಾಲ್ಕನೇ ಇಂದ್ರನ ಬಿರುದುಗಳನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಅದರಲ್ಲೊಂದು ‘ಚಲದಂಕಕಾರ’, ಹಿಡಿದ ಛಲ ಬಿಡದ ಕಾಳಗಗಾರ. ರಾಜನೇ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು!

ಹಾಗಂತ ನಮ್ಮಲ್ಲಿ ನೋಡುಗರಿಗಾಗಿ ಕಾದಾಟ ಇರಲಿಲ್ಲ ಅನ್ನಬೇಡಿ. ನಮ್ಮ ರಾಯಚೂರು ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅಂಕವಿನೋದ, ಮಲ್ಲವಿನೋದ ಅಂತ ಎರಡನ್ನೂ ಬೇರೆ ಬೇರೆಯಾಗಿ ವಿವರಿಸುತ್ತಾನೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳು ಬೇರೆ. ವಿಜಯನಗರದ ಮಹಾನವಮಿ ಕಂಡ ಪೇಸ್, ಜಟ್ಟಿಗಳ ಹೊಡೆತಕ್ಕೆ ಹಲ್ಲು ಮುರಿದು, ಕಣ್ಣು ಹೋಗಿ, ಗೆಳೆಯರು ಹೊತ್ತೊಯ್ದದ್ದನ್ನು ಬರೆದಿದ್ದಾನೆ. 1520ರ ರಾಯಚೂರು ಯುದ್ಧವನ್ನು ವಿವರವಾಗಿ ಬರೆದ ನೂನಿಜ್, ದ್ವಂದ್ವಕ್ಕೆ ಮಂತ್ರಿಯ ಅಪ್ಪಣೆ ಬೇಕಿತ್ತು, ಸತ್ತವನ ಆಸ್ತಿ ಗೆದ್ದವನಿಗೆ ಹೋಗುತ್ತಿತ್ತು ಅಂತಾನೆ.

ಹಾಗಾಗಿ ನನ್ನ ಅಭಿಪ್ರಾಯ: ‘ಅಂಕಕಾರ’ನನ್ನು ಗ್ಲಾಡಿಯೇಟರ್ ಅಂತ ಅನುವಾದಿಸಿದರೆ ಬಿರುದಿನ ಮರ್ಯಾದೆಯೂ ಹೋಗುತ್ತೆ, ನಿಜಕ್ಕೂ ಕಣದಲ್ಲಿ ಹಲ್ಲು ಕಳಕೊಂಡವನೂ ಮರೆಯಾಗ್ತಾನೆ. ಪೇಸ್ ಅವರ ಹೆಸರು ಬರೆದಿಲ್ಲ. ದೇವದುರ್ಗ, ಮಾನ್ವಿ ಕಡೆ ನಾನು ನೋಡಿದ ವೀರಗಲ್ಲುಗಳಲ್ಲೂ ತುರುಗಾಳಗ, ಊರಳಿವು ಇವೆಯೇ ಹೊರತು ಅಖಾಡದ ಸಾವು ಕಂಡಿಲ್ಲ. ನಿಮ್ಮೂರಲ್ಲಿ ಅಂಥ ಕಲ್ಲಿದ್ದರೆ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದು ಕಳಿಸ್ರಿ. ಸುಣ್ಣ, ಎಣ್ಣೆ ಮಾತ್ರ ಹಚ್ಚಬ್ಯಾಡ್ರಿ.