ಒತ್ತು ಮತ್ತು ನಯ: ನಮ್ಮ ಸೀಮೆಯ ಕಲ್ಲು-ಮರಗಳ ಗುಣವಿಚಾರ

ಗುಡಿ, ಗದ್ದುಗೆಗಳ ಜೀರ್ಣೋದ್ಧಾರಕ್ಕೆ ತೊಡಗುವ ಸದ್ಭಕ್ತರು ಕಲ್ಲು-ಮರಗಳ ಗುಣ ಹೇಳುವಾಗ ‘ಒತ್ತು’, ‘ನಯ’ ಎಂಬ ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಇವು ಬೇರೆ ಬೇರೆ ಗುಣಗಳು. ಕಣಗಳು ಸಂದಿಲ್ಲದೆ ಕೂಡಿಕೊಂಡಿರುವುದು ಒತ್ತು. ಆ ಕಣಗಳು ಸಣ್ಣವಾಗಿ ಒಂದೇ ಸಮನಾಗಿರುವುದು ನಯ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹೇರಳವಾಗಿ ದೊರೆಯುವುದು ಗ್ರಾನೈಟ್ ಜಾತಿಯ ಕಣಶಿಲೆ. ಇದರ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಕಣಗಳು ಬರಿಗಣ್ಣಿಗೇ ಕಾಣುತ್ತವೆ. ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ ಮಾನದಲ್ಲಿ ಬೆಣಚಿನದು 7, ಫೆಲ್ಡ್‌ಸ್ಪಾರಿನದು 6. ಇದು ಒತ್ತಾದ ಕಲ್ಲು, ಆದರೆ ನಯವಾದುದಲ್ಲ. ಭಾರ ಹೊರುವ ಕಂಬ, ತೊಲೆ, ಮೆಟ್ಟಿಲುಗಳಿಗೆ ತಕ್ಕುದು. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತಹೊರಟರೆ ಕಣವೇ ಕಿತ್ತುಬರುತ್ತದೆ.

ನಯಕ್ಕೆ ನಿದರ್ಶನ ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕನು ಕಟ್ಟಿಸಿದ ಈ ಗುಡಿ ಬಳಪದ ಕಲ್ಲಿನದು. ಆ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೊಡ್ಡಿದಂತೆ ಗಟ್ಟಿಯಾಗುತ್ತದೆ. ಕಣಗಳು ಬಲು ಸಣ್ಣವಾದ್ದರಿಂದಲೇ ವಿಗ್ರಹಗಳ ಆಭರಣದ ಮಣಿಮಣಿಯೂ ಬಿಡಿಯಾಗಿ ಮೂಡಿದೆ. ಆದರೂ ಗಡಸುತನದಲ್ಲಿ ಅದು ಕಣಶಿಲೆಗೆ ಸಾಟಿಯಲ್ಲ.

ಮರದಲ್ಲಿಯೂ ಈ ಭೇದವುಂಟು. ಕರಿಜಾಲಿಯ ಚೇಗು ಒತ್ತಾದುದು, ತೂಕದ್ದು. ಗಾಡಿಯ ಚಕ್ರಕ್ಕೂ ನೇಗಿಲಿಗೂ ರೈತರು ಅದನ್ನೇ ಆರಿಸುತ್ತಿದ್ದರು. ಮದ್ದೂರಿನ ನೆರೆಯ ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಹಾಲೆಮರ ಬಿಳುಪಾದುದು, ಹಗುರವಾದುದು. ಆದರೆ ಎಳೆ ನಯವಾಗಿರುವುದರಿಂದ ಚರಕಿಯಲ್ಲಿ ಸರಾಗವಾಗಿ ಕಡೆಯಲು ಬರುತ್ತದೆ, ಅರಗಿನ ಬಣ್ಣವನ್ನು ಸಮನಾಗಿ ಹಿಡಿಯುತ್ತದೆ. ಒತ್ತು, ನಯ ಎರಡೂ ಕೂಡಿರುವುದು ಶ್ರೀಗಂಧದ ಚೇಗಿನಲ್ಲಿ.

ಈ ವಿವೇಚನೆ ಕೇವಲ ಪದವಿಚಾರವಲ್ಲ. ಹಳೆಯ ಗುಡಿಯನ್ನು ಹೊಸದಾಗಿ ಕಾಣಿಸುವ ಉತ್ಸಾಹದಲ್ಲಿ ಯಂತ್ರದಿಂದ ಮರಳು ಊದಿಸುವುದುಂಟು. ಮರಳೆಂದರೆ ಬಹುಪಾಲು ಅದೇ ಬೆಣಚಿನ ಕಣ. ಮೆದುವಾದ ಬಳಪದ ಕಲ್ಲಿಗೆ ಅದು ಬಡಿದರೆ ಕೊಳೆಯೊಡನೆ ಕೆತ್ತನೆಯೂ ಸವೆದುಹೋಗುತ್ತದೆ. ಸವೆದ ಕೆತ್ತನೆ ಮರಳಿ ಬಾರದು. ಎಣ್ಣೆಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಮೇಲ್ಪದರ ಚಕ್ಕೆಯೇಳುತ್ತದೆ. ಆಸಿಡ್, ಕಬ್ಬಿಣದ ಬ್ರಷ್‌ಗಳೂ ಸಲ್ಲವು.

ಆದಕಾರಣ ಭಕ್ತರಲ್ಲಿ ನಮ್ಮ ವಿನಂತಿ: ಕೆಲಸ ಆರಂಭಿಸುವ ಮುನ್ನ ಕಲ್ಲು ಯಾವುದೆಂದು ಬಲ್ಲವರಿಂದ ತಿಳಿಯಿರಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಗೆ ತಿಳಿಸದೆ ಯಾವ ಕೆಲಸಕ್ಕೂ ಕೈಹಾಕಬೇಡಿ.